ನೀರು ಬಿಡಿ ಎಂದ ಡಾಕ್ಟರಮ್ಮ

ಸಂಜಯನಗರದ ನಮ್ಮ ಹಳೇ ಓನರ್ ಮಗಳು ಹೋದ ವಾರ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ, ಇನ್ನೇನು ಇಡಬೇಕು ಎನ್ನುವಾಗ, "ಅಂದಹಾಗೆ ನಿಮ್ಗೆ ಗೊತ್ತಾಯ್ತಾ ಅಂಕಲ್, ಡಾಕ್ಟರಮ್ಮ ಹೋಗ್ಬಿಟ್ರಂತೆ, ಧಾರವಾಡದಲ್ಲಿ" ಎಂದಳು. ಯಾವ ಡಾಕ್ಟರಮ್ಮ ಎಂದು ನಾನು ಕೇಳಲಿಲ್ಲ. ನನಗೆ ಪರಿಚಯದ ಡಾಕ್ಟರುಗಳು ಬೇಕಾದಷ್ಟಿದ್ದಾರೆ, ಈ ವಯಸ್ಸಿಗೆ ನೆಂಟರಿಗಿಂತ ಅವರೇ ಹೆಚ್ಚು. ಆದರೆ ಡಾಕ್ಟರಮ್ಮ ಎಂದರೆ ಒಬ್ಬರೇ. ಹೇಗೆ ಹೋದರಂತೆ ಎಂದಷ್ಟೇ ಕೇಳಿದೆ. ಮಲಗಿದ್ದ ಹಾಗೆಯೇ ಅಂತೆ ಎಂದಳು. ಒಂದು ಕಡೆ ನೆಟ್ಟಗೆ ನಿಲ್ಲದ ಹೆಂಗಸು ಸಾಯುವಾಗ ಮಾತ್ರ ಸುಮ್ಮನೆ ಮಲಗಿದ್ದರು ಎಂದರೆ ನನಗೆ ನಂಬಿಕೆ ಬರಲಿಲ್ಲ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸಂಕಟವಾಯಿತು.

ಎಂಬತ್ತರ ದಶಕದ ನಡುವಿನ ವರ್ಷಗಳ ಮಾತು. ಸಂಜಯನಗರ ಆಗಿನ್ನೂ ಅರ್ಧ ಮನೆ, ಅರ್ಧ ಖಾಲಿ ಸೈಟು. ನಾನು ಗೊರಗುಂಟೆಪಾಳ್ಯದ ಹತ್ತಿರ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸಕ್ಕಿದ್ದೆ. ಪಕ್ಕದ ಮನೆಯ ಮಹಡಿಯಲ್ಲಿ ಆಕೆ ಮತ್ತು ಆಕೆಯ ತಾಯಿ ಬಾಡಿಗೆಗೆ ಬಂದರು. ಧಾರವಾಡದ ಕಡೆಯವರು. ಹೆಬ್ಬಾಳದ ಕಡೆ ಹೊಸದಾಗಿ ಶುರುವಾಗಿದ್ದ ಒಂದು ಆಸ್ಪತ್ರೆಯಲ್ಲಿ ಆಕೆ ಹೃದಯದ ಡಾಕ್ಟರ್. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ನನ್ನ ಹೆಂಡತಿ ಒಮ್ಮೆ ಆ ತಾಯಿಯನ್ನು ಕೇಳಿಯೇಬಿಟ್ಟಳು. "ಹುಡುಗನ ಕಡಿಯವ್ರು ನೋಡಾಕ ಬಂದಾಗ ಒಂದ ಕಡೆ ಕುಂದರಬೇಕಲ್ರೀ. ಇಕಿ ಎಲ್ಲಿ ಕುಂದರತಾಳ?" ಎಂದು ಆ ಮುದುಕಿ ಉತ್ತರ ಕೊಟ್ಟಿದ್ದರು.

ಅದು ತಮಾಷೆಯ ಮಾತಲ್ಲ. ಬೆಳಿಗ್ಗೆ ಹಲ್ಲುಜ್ಜುವುದು ತಾರಸಿಯ ಮೇಲೆ ಅತ್ತಿಂದಿತ್ತ ತಿರುಗುತ್ತಾ. ಉಪ್ಪಿಟ್ಟು ತಿನ್ನುವುದೂ ತಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆಯೇ. ಭಾನುವಾರ ನಾನು ಹಾಯಾಗಿ ಪೇಪರ್ ಹಿಡಿದು ಕೂತಿದ್ದರೆ ಆಕೆಯ ಚಪ್ಪಲಿಯ ಪಟಪಟ ಸದ್ದಿಗೆ ಒಂದು ಸುದ್ದಿಯೂ ತಲೆಗೆ ಹತ್ತುತ್ತಿರಲಿಲ್ಲ. "ಕುಂದ್ರ ತಾಯಿ, ಕಾಲಾಗ ಏನ್ ಚಕ್ರ ಅದಾವೇನ?" ಎಂದು ತಾಯಿ ಒಳಗಿನಿಂದ ಕೂಗುತ್ತಿದ್ದರು. ಆಕೆ ಕೂರುತ್ತಿರಲಿಲ್ಲ. ನಾನೂ ಒಳಗೊಳಗೇ ಬೈದುಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆಗ ಕೊಡಿಗೇಹಳ್ಳಿಯ ರೈಲ್ವೆ ಗೇಟು ಒಮ್ಮೆ ಬಿತ್ತೆಂದರೆ ಒಂದು ಸಂಸಾರದ ಕಥೆ ಹೇಳಿ ಮುಗಿಸಬಹುದಿತ್ತು. ಎಲ್ಲರೂ ಸ್ಕೂಟರ್ ಆಫ್ ಮಾಡಿ, ಕಡಲೆಕಾಯಿ ಕೊಂಡು, ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಾ ನಿಲ್ಲುತ್ತಿದ್ದರು. ಡಾಕ್ಟರಮ್ಮ ಮಾತ್ರ ತಮ್ಮ ಮೊಪೆಡ್ ಅನ್ನು ಪಕ್ಕದ ಸೈಕಲ್ ಅಂಗಡಿಯವನ ಮುಂದೆ ತಳ್ಳಿ, "ನೋಡ್ಕೊಂಡಿರ್ರಿ" ಎಂದು ಒಂದು ಮಾತು ಎಸೆದು, ಸೀರೆಯ ನೆರಿಗೆ ಎತ್ತಿ ಹಿಡಿದು ಗೇಟಿನ ಕೆಳಗೆ ನುಸುಳಿ ಆಚೆ ಬದಿಯಲ್ಲಿ ಆಟೋ ಹಿಡಿಯುತ್ತಿದ್ದರು. ಸಂಜೆ ಮೊಪೆಡ್ ಎಲ್ಲಿ ಬಿಟ್ಟೆ ಎಂಬುದೇ ಮರೆತುಹೋಗಿ ಬೀದಿಯವರನ್ನೆಲ್ಲ ಕೇಳಿಕೊಂಡು ಬರುತ್ತಿದ್ದರು. ಮನುಷ್ಯರ ಹೆಸರೂ ಹಾಗೆಯೇ. ಬೀದಿಯಲ್ಲಿ ಯಾರ ಹೆಸರೂ ಆಕೆಗೆ ಗೊತ್ತಿರಲಿಲ್ಲ. ನಮ್ಮ ಓನರ್ 'ಬಿ.ಪಿ.ಯವರು', ಎದುರುಮನೆ ಮೇಷ್ಟ್ರು 'ಅಸ್ತಮಾದವರು', ನನ್ನ ಹೆಂಡತಿ 'ಮೊಣಕಾಲಿನವರು'. ನನಗೆ ಯಾವ ರೋಗವೂ ಇರಲಿಲ್ಲವಾದ್ದರಿಂದ ನಾನು 'ಮೊಣಕಾಲಿನವರ ಮನೆಯವರು' ಆಗಿದ್ದೆ.

ಆ ಮೊಣಕಾಲಿನ ನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಗಳನ್ನು ಆಕೆ ಒಂದು ದಿನ ನೋಡಿದರು. ಮಾತಿಲ್ಲ ಕತೆಯಿಲ್ಲ, ನನ್ನ ಹೆಂಡತಿಯ ಕೈಯಿಂದ ಕಿತ್ತುಕೊಂಡು ಕಾಂಪೌಂಡ್ ಆಚೆ ಎಸೆದುಬಿಟ್ಟರು. "ಇವು ನೋವು ತಿನ್ನೂದಿಲ್ರೀ, ಕಿಡ್ನಿ ತಿಂತಾವ" ಎಂದರು. ನನ್ನ ಹೆಂಡತಿ ಒಂದು ವಾರ ಮಾತು ಬಿಟ್ಟಳು. ಮಾತು ಬಿಟ್ಟಿದ್ದಾಳೆ ಎನ್ನುವುದು ಡಾಕ್ಟರಮ್ಮನಿಗೆ ಗೊತ್ತೇ ಆಗಲಿಲ್ಲ, ಅದು ಇವಳಿಗೆ ಇನ್ನೂ ಉರಿಯಿತು.

ಎಲ್ಲಕ್ಕಿಂತ ವಿಚಿತ್ರವೆಂದರೆ ಆಕೆ ಎದುರಾದವರನ್ನು ಮಾತಾಡಿಸುವ ರೀತಿ. ಬೆಂಗಳೂರಿನವರು 'ಏನ್ ಸಮಾಚಾರ' ಎನ್ನುತ್ತೇವೆ, 'ಕಾಫಿ ಆಯ್ತಾ' ಎನ್ನುತ್ತೇವೆ. ಆಕೆ ಯಾರು ಸಿಕ್ಕರೂ, "ನೀರ ಕುಡದ್ರೇನ್ರೀ?" ಎನ್ನುತ್ತಿದ್ದರು. ನಮ್ಮ ಬೀದಿಯ ನಲ್ಲಿಗಳಲ್ಲಿ ದಿನ ಬಿಟ್ಟು ದಿನ ನೀರು, ಅದೂ ದಾರದಷ್ಟು ಸಣ್ಣಗೆ. ಬಿಂದಿಗೆ ಹಿಡಿದು ಜಗಳವಾಡುತ್ತಾ ನಿಂತ ಹೆಂಗಸರ ಸಾಲಿನ ಮುಂದೆ ಮೊಪೆಡ್ ನಿಧಾನ ಮಾಡಿ ಈ ಪ್ರಶ್ನೆ ಕೇಳಿದರೆ ಹೇಗಿರಬೇಡ. "ನಲ್ಲೀಲಿ ಬಂದ್ರೆ ತಾನೇ ಕುಡಿಯೋದು" ಎಂದು ಓನರ್ ಹೆಂಡತಿ ಗೊಣಗುತ್ತಿದ್ದರು. ಆಕೆಗೆ ನೀರಮ್ಮ ಎಂದು ಹೆಸರಿಟ್ಟದ್ದೂ ಅವರೇ.

ಯಾಕಿಷ್ಟು ನೀರಿನ ಹುಚ್ಚು ಎಂದು ಒಂದು ಭಾನುವಾರ ಕಾಂಪೌಂಡಿನ ಈಚೆಯಿಂದ ನಾನೇ ಕೇಳಿದೆ. ಆಕೆ ಆಚೆ ಬದಿಯಲ್ಲಿ ಓಡಾಡುತ್ತಲೇ ಹೇಳಿದರು. ಹೃದಯದ ರಕ್ತನಾಳ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡಬೇಕಾದರೆ ತೊಡೆಯ ಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಅದರೊಳಗಿಂದ ಒಂದು ಬಣ್ಣ ಬಿಟ್ಟು ಎಕ್ಸ್‌ರೇ ಹಿಡಿಯುತ್ತಾರೆ. ಬಣ್ಣ ಎನ್ನುವುದು ಹೆಸರಿಗೆ, ನೋಡಲು ನೀರಿನ ಹಾಗೆಯೇ ಇರುತ್ತದೆ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಹೃದಯ ನೋಡಿ ಆಯಿತು, ನಮ್ಮ ಕೆಲಸ ಮುಗಿಯಿತು. ಆದರೆ ಆ ಬಣ್ಣವನ್ನೆಲ್ಲ ಸೋಸಿ ಹೊರಗೆ ಹಾಕಬೇಕಾದದ್ದು ಕಿಡ್ನಿ. "ಮೈಯಾಗ ನೀರ ಇಲ್ಲದವಗ ಆ ಬಣ್ಣ ಬಿಟ್ಟರ, ನೀರ ಹಾಕದ ಒರಳಾಗ ಚಟ್ನಿ ರುಬ್ಬಿದಂಗ್ರೀ. ಒರಳು ಸವೀತೈತಿ, ಚಟ್ನಿ ಆಗೂದಿಲ್ಲ." ಮೊದಲೇ ಗೊತ್ತಿದ್ದು ಬರುವ ರೋಗಿಗೆ ಹಿಂದಿನ ದಿನದಿಂದಲೇ ನೀರು ಕುಡಿಸಿ, ಸಲೈನ್ ಕೊಟ್ಟು ಸಿದ್ಧ ಮಾಡಬಹುದು. ಎದೆ ಹಿಡಿದುಕೊಂಡು ಓಡಿಬರುವವನಿಗೆ ಆ ವ್ಯವಧಾನ ಎಲ್ಲಿ? "ಎದಿ ಕಾಯೂದಿಲ್ಲ, ಕಿಡ್ನಿ ಮರಿಯೂದಿಲ್ಲ. ಇವರಿಬ್ಬರ ನಡುವ ನನ್ನ ಓಡಾಟ" ಎಂದು ಹೇಳಿ, ನಾನು ತಲೆಯಾಡಿಸುವುದರೊಳಗೆ ಒಳಗೆ ಹೋಗಿಬಿಟ್ಟಿದ್ದರು.

ಆಸ್ಪತ್ರೆಯಲ್ಲಿ ಇದಕ್ಕಾಗಿ ದಿನವೂ ಜಗಳವಂತೆ. ಉಳಿದ ಡಾಕ್ಟರುಗಳು ಚಿತ್ರ ಚೆನ್ನಾಗಿ ಬರಲೆಂದು ಇನ್ನೊಂದು ಸಲ, ಮತ್ತೊಂದು ಸಲ ಬಣ್ಣ ಬಿಡುತ್ತಿದ್ದರೆ ಇವರು ಪಕ್ಕದಲ್ಲಿ ನಿಂತು, "ಸಾಕ್ರಿ, ಮದವಿ ಫೋಟೋ ಅಲ್ಲ" ಎನ್ನುತ್ತಿದ್ದರಂತೆ. ಇಂಥ ಮಾತಿನಿಂದ ಯಾರಿಗೆ ತಾನೇ ಸ್ನೇಹಿತರು ಸಿಗುತ್ತಾರೆ? ಆಕೆಗೂ ಸಿಕ್ಕಿರಲಿಲ್ಲ.

ಇಷ್ಟೇ ಆಗಿದ್ದರೆ ಆಕೆ ನನಗೆ ಬೀದಿಯ ಒಬ್ಬ ತಿಕ್ಕಲು ಡಾಕ್ಟರ್ ಆಗಿ ಉಳಿಯುತ್ತಿದ್ದರು. ಆ ಬೇಸಿಗೆಯಲ್ಲಿ ನಮ್ಮ ಅಣ್ಣನಿಗೆ ಎದೆನೋವು ಬಂತು.

ಅಣ್ಣ ಕೊಡಿಗೇಹಳ್ಳಿಯಲ್ಲಿ ನಮ್ಮ ಹಿರಿಯರ ಮನೆಯಲ್ಲೇ ಇದ್ದ. ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೋಗುವ ಸಿಟಿ ಬಸ್ಸಿನ ಡ್ರೈವರ್. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಡ್ಯೂಟಿಯ ದಿನ ಅವನು ನೀರು ಮುಟ್ಟುತ್ತಿರಲಿಲ್ಲ. "ಕುಡುದ್ರೆ ಉಯ್ಯಕ್ ಓಗ್ಬೇಕು. ಮೇಖ್ರಿ ಸರ್ಕಲ್‌ನಾಗೆ ಬಸ್ ನಿಲ್ಸಿ ಎಲ್ಲಿಗ್ಲಾ ಓಗನ?" ಎನ್ನುತ್ತಿದ್ದ. ಆ ದಿನ ಬೆಳಗಿನ ಪಾಳಿ. ಹೆಬ್ಬಾಳ ಕೆರೆಯ ಏರಿ ದಾಟುವಾಗ ಎದೆ ಹಿಂಡಿದ ಹಾಗಾಗಿ, ಮೈಯೆಲ್ಲ ಬೆವರಿ, ಬಸ್ಸನ್ನು ಒಂದು ಪಕ್ಕಕ್ಕೆ ತಂದು ನಿಲ್ಲಿಸಿ, ಇಂಜಿನ್ ಆಫ್ ಮಾಡಿಯೇ ಸ್ಟಿಯರಿಂಗ್ ಮೇಲೆ ಬಾಗಿದನಂತೆ. ಕಂಡಕ್ಟರ್ ಆಟೋದಲ್ಲಿ ಹಾಕಿಕೊಂಡು ಹತ್ತಿರದ ಆಸ್ಪತ್ರೆಗೆ ತಂದ. ಅದು ಡಾಕ್ಟರಮ್ಮನ ಆಸ್ಪತ್ರೆಯೇ ಆಗಿತ್ತು. ಕಾರ್ಖಾನೆಗೆ ಫೋನ್ ಬಂದು ನಾನು ಓಡಿದೆ. ಅತ್ತಿಗೆ ನಮ್ಮ ದೊಡ್ಡಮ್ಮನ ಜೊತೆ ಆಗಲೇ ಬಂದಿದ್ದಳು.

ಡಾಕ್ಟರಮ್ಮ ನನ್ನನ್ನು ಗುರುತು ಹಿಡಿದರೋ ಇಲ್ಲವೋ ತಿಳಿಯದು. ನೇರವಾಗಿ ಅತ್ತಿಗೆಯ ಮುಂದೆ ನಿಂತು, "ಮುಂಜಾನಿಂದ ಏನ ಕುಡದಾರ?" ಎಂದು ಕೇಳಿದರು. ಗಂಡನ ಎದೆ ಹೋಗುತ್ತಿರುವಾಗ ಏನು ಕುಡಿದ ಎಂದು ಕೇಳುವವರನ್ನು ಅತ್ತಿಗೆ ಕಂಡಿರಲಿಲ್ಲ. ಹೆಂಡದ ವಿಷಯ ಕೇಳುತ್ತಿದ್ದಾರೆ ಎಂದುಕೊಂಡು, "ಅಂತಾ ಅಭ್ಯಾಸ ಇಲ್ಲ ಕಣಮ್ಮ ಅವ್ರಿಗೆ" ಎಂದಳು. "ನೀರ್ರೀ, ನೀರ!" "ನೀರಾ? ಡ್ಯೂಟಿ ದಿನ ಕುಡಿಯಾಕಿಲ್ಲ. ಒಂದ್ಲೋಟ ಕಾಪಿ ಅಷ್ಟೆಯ." ಸಕ್ಕರೆ ಇದೆಯೇ ಎಂದರೆ ಅತ್ತಿಗೆ ಐತೆ ಎಂದಳು. ಡಾಕ್ಟರಮ್ಮ ಹಣೆ ಹಿಡಿದುಕೊಂಡು ಆ ಸಣ್ಣ ಜಾಗದಲ್ಲೇ ಎರಡು ಸುತ್ತು ತಿರುಗಿದರು. ಸಕ್ಕರೆ ಕಾಯಿಲೆಯ ಕಿಡ್ನಿ, ಮೇಲೆ ಒಣಗಿದ ಮೈ. ಬಣ್ಣ ಬಿಟ್ಟು ನೋಡಿ, ಕಟ್ಟಿಕೊಂಡ ನಾಳ ಬಿಡಿಸದಿದ್ದರೆ ಹೃದಯ ಉಳಿಯುವುದಿಲ್ಲ. ಕೈಗೆ ಸಲೈನ್ ಚುಚ್ಚಿಸಿ, ಬಾಟಲಿಯನ್ನು ತಾವೇ ಎತ್ತಿ ಹಿಡಿದುಕೊಂಡು, ಗಾಲಿ ಮಂಚದ ಪಕ್ಕ ಓಡುತ್ತಾ ಅಣ್ಣನನ್ನು ಒಳಗೆ ಕರೆದುಕೊಂಡು ಹೋದರು.

ಮುಂದೆ ನಡೆದದ್ದು ನಾನು ಔಷಧದಂಗಡಿಗೆ ಹೋಗಿದ್ದಾಗ. ವಾಪಸು ಬಂದರೆ ಕಾರಿಡಾರಿನಲ್ಲಿ ಗೋಳೋ ಎಂಬ ಅಳು. ನಮ್ಮ ದೊಡ್ಡಮ್ಮ ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದರು. "ಓಗ್ಬುಟ್ಟ ಕಣ ಮಗಾ ನಿಮ್ಮಣ್ಣ. ನಾಳ ಬಿಚ್ಚೋಯ್ತಂತೆ. ಎಲ್ಲಾರೂ ಬಂದು ಬಾಯಿಗ್ ನೀರ್ ಬಿಡಿ ಅಂತ ಡಾಕ್ಟ್ರಮ್ಮನೇ ಏಳಿ ಓದ್ರು."

ನನ್ನ ಕೈಯಲ್ಲಿದ್ದ ಔಷಧದ ಪೊಟ್ಟಣ ಕೆಳಗೆ ಬಿತ್ತು. ನಮ್ಮ ಕಡೆ ಯಾರಿಗಾದರೂ ಬಾಯಿಗೆ ನೀರು ಬಿಡಿ ಎಂದರೆ ಅರ್ಥ ಒಂದೇ. ಮಗ, ಮಗಳು, ಬಂಧು ಬಳಗ ಒಬ್ಬೊಬ್ಬರಾಗಿ ಬಂದು ಹೋಗುವ ಜೀವದ ನಾಲಿಗೆಯ ಮೇಲೆ ಒಂದೊಂದು ಚಮಚ ನೀರು ಬಿಡುವುದು. 'ಬಾಯಿಗೆ ನೀರು ಬಿಡೋಕೂ ಗತಿಯಿಲ್ಲದೆ ಹೋಗ್ತೀಯ' ಎಂದು ನಮ್ಮಲ್ಲಿ ಶಾಪ ಹಾಕುವುದೂ ಹಾಗೆಯೇ. ಆಮೇಲೆ ತಿಳಿದದ್ದು ಇಷ್ಟು. ಡಾಕ್ಟರಮ್ಮ ಹೊರಗೆ ಬಂದು, ಕಟ್ಟಿದ್ದ ನಾಳ ಬಿಚ್ಚಿಕೊಂಡಿತು ಎಂದು ಹೇಳುವಷ್ಟರಲ್ಲೇ ಇನ್ನೊಬ್ಬ ರೋಗಿಗೆಂದು ನರ್ಸ್ ಕೂಗಿದ್ದಾಳೆ. ಆಕೆ ಓಡುತ್ತಲೇ ತಿರುಗಿ, "ಬಾಯಾಗ ಚೂರ ಚೂರ ನೀರ ಬಿಡ್ರಿ, ಒಬ್ಬರಾದ ಮ್ಯಾಲೆ ಒಬ್ಬರು, ಮನಿ ಮಂದಿ ಎಲ್ಲಾರೂ ಪಾಳಿ ಹಚ್ರಿ" ಎಂದಿದ್ದಾರೆ. ಬಣ್ಣ ತೊಳೆದು ಹೋಗಲಿ, ಒಬ್ಬರಿಗೇ ದಣಿವಾಗದಿರಲಿ ಎಂಬುದು ಆಕೆಯ ಲೆಕ್ಕ. ನಮ್ಮವರಿಗೆ ಕೇಳಿಸಿದ್ದು ಬೇರೆ.

ಕೊಡಿಗೇಹಳ್ಳಿಗೆ ಸುದ್ದಿ ಮುಟ್ಟಿ ಒಂದು ಟೆಂಪೊ ತುಂಬ ಜನ ಬಂದಿಳಿದರು. ಸೋದರಮಾವ ಬರುವಾಗಲೇ ತುಳಸಿ ಕಿತ್ತು ತಂದಿದ್ದರು. ಬಿದಿರು ತರಲು ಒಬ್ಬನನ್ನು ಯಶವಂತಪುರಕ್ಕೂ ಅಟ್ಟಿದ್ದರು, ಮುಂದಾಲೋಚನೆಯ ಮನುಷ್ಯ. ಡಾಕ್ಟರೇ ಹೇಳಿದ್ದಾರೆ ಎಂದಮೇಲೆ ನರ್ಸ್ ಕೂಡ ತಡೆಯಲಿಲ್ಲ. ಸಾಲಾಗಿ ಒಳಗೆ ಹೋದೆವು. ಅಣ್ಣ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ದೀಪ ಆರುವ ಮುಂಚೆ ಹೀಗೆ ಒಮ್ಮೆ ಉರಿಯುತ್ತದೆ ಎಂದು ದೊಡ್ಡಮ್ಮ ನನ್ನ ಕಿವಿಯಲ್ಲಿ ಹೇಳಿದರು. ಅವರು ಅಳುತ್ತಾ ಒಂದು ಚಮಚ ಬಿಟ್ಟರು. ಅಣ್ಣ ನುಂಗಿದ. ನಾನು ಬಿಟ್ಟೆ, ಅರ್ಧ ಅವನ ಕುತ್ತಿಗೆಗೆ ಹೋಯಿತು. ಅವನು ತುಟಿ ಚಪ್ಪರಿಸಿ, "ಇನ್ನೊಂಚೂರು ಬಿಡ್ಲಾ, ಗಂಟ್ಲು ಒಣಗೋಗದೆ" ಎಂದ. ಸಾಯುವವನು ಎರಡನೇ ಚಮಚ ಕೇಳಿದ್ದನ್ನು ನಾನಂತೂ ಕೇಳಿರಲಿಲ್ಲ. ನನಗೆ ಅನುಮಾನ ಬಂದದ್ದು ಆಗಲೇ.

ಅಷ್ಟರಲ್ಲಿ ಸೋದರಮಾವ ಮುಂದೆ ಬಂದು ತುಳಸಿದಳದ ಸಮೇತ ನೀರು ಬಿಟ್ಟರು. ಅಣ್ಣ ನಾಲಿಗೆಯ ತುದಿಯಿಂದ ಆ ಎಲೆಯನ್ನು ತುಟಿಗೆ ತಂದು, ಬೆರಳಲ್ಲಿ ತೆಗೆದು ನೋಡಿದ. ಸುತ್ತಲೂ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. "ಓ, ಇಂಗಾ ಸಮಾಚಾರ" ಎಂದ. ಆಮೇಲೆ ಬಾಯಿ ಮುಚ್ಚಿದವನು ತೆಗೆಯಲಿಲ್ಲ. ಚಮಚ ಹತ್ತಿರ ತಂದರೆ ಮುಖ ತಿರುಗಿಸಿ ಹಲ್ಲು ಕಚ್ಚಿ ಹಿಡಿಯುತ್ತಿದ್ದ. ಅತ್ತಿಗೆಯಂತೂ ಮೊದಲಿನಿಂದಲೂ ಗೋಡೆಗೆ ಅಂಟಿಕೊಂಡು ನಿಂತಿದ್ದಳು. "ನೀನೂ ಬುಡವ್ವ, ಕಟ್ಕಂಡೋಳು" ಎಂದು ದೊಡ್ಡಮ್ಮ ಚಮಚ ಕೊಡಲು ಹೋದರೆ, "ನಾ ಬಿಡಾಕಿಲ್ಲ. ನಾ ಬಿಟ್ರೆ ಓಯ್ತಾರೆ" ಎಂದು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

ನಾನು ಡಾಕ್ಟರಮ್ಮನನ್ನು ಹುಡುಕಿಕೊಂಡು ಹೋದೆ. ಆಕೆ ಇನ್ನೊಬ್ಬರ ಎದೆಯ ಕೆಲಸದಲ್ಲಿ ಒಳಗಿದ್ದರು, ಬಾಗಿಲು ತೆಗೆಯುವಂತಿರಲಿಲ್ಲ. ಬಾಗಿಲ ಮುಂದೆ ಅತ್ತಿಂದಿತ್ತ ಓಡಾಡಿದೆ. ಹಾಗೆ ಓಡಾಡುವುದು ಎಂದರೇನು ಎಂದು ನನಗೆ ಆವತ್ತು ಅರ್ಥವಾಯಿತು.

ಆಕೆ ಹೊರಬಂದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ನನ್ನ ಮಾತು ಕೇಳಲು ನಿಲ್ಲಲೂ ಇಲ್ಲ, ಸೀದಾ ಅಣ್ಣನ ಮಂಚದ ಹತ್ತಿರ ಹೋಗಿ ಬಗ್ಗಿ ಕೆಳಗೆ ತೂಗುಹಾಕಿದ್ದ ಮೂತ್ರದ ಚೀಲ ನೋಡಿದರು. ಅದು ಹೆಚ್ಚು ಕಡಿಮೆ ಖಾಲಿ. ಎತ್ತಿ ಬೆಳಕಿಗೆ ಹಿಡಿದು ನೋಡಿದರು, ತಟ್ಟಿ ನೋಡಿದರು. "ನೀರ ಯಾಕ ಕುಡಿಸಿಲ್ಲ?" ಎಂದು ಎಲ್ಲರ ಮೇಲೂ ಹರಿಹಾಯ್ದರು. ಬಾಯಿ ಬಿಡುತ್ತಿಲ್ಲ ಎಂದಳು ನರ್ಸ್. "ಎದಿ ದಣದೈತಿ, ಸಲೈನ್ ಜೋರ ಬಿಟ್ಟರ ನೀರ ಹೋಗಿ ಪುಪ್ಪುಸದಾಗ ಕುಂದರತೈತಿ, ಉಸರ ಕಟ್ಟತೈತಿ. ಬಾಯಿಂದ ಗುಟುಕು ಗುಟುಕು ಹೋಗಬೇಕು. ಯಾಕ್ರೀ, ಯಾಕ ಕುಡೀವಲ್ರಿ?" ಎಂದು ಅಣ್ಣನನ್ನೇ ಕೇಳಿದರು. ಅಣ್ಣ ಬಾಯಿ ಮುಚ್ಚಿಕೊಂಡೇ ಸೂರು ನೋಡುತ್ತಿದ್ದ.

ನಾನು ಆಕೆಯ ತೋಳು ಹಿಡಿದು ನಿಲ್ಲಿಸಬೇಕಾಯಿತು. ಬಾಯಿಗೆ ನೀರು ಬಿಡಿ ಎಂದರೆ ನಮ್ಮವರು ಏನು ತಿಳಿದುಕೊಂಡರು ಎಂದು ಹೇಳಿದೆ. ಆಕೆಯ ಕಣ್ಣು ಕಿಟಕಿಯ ಮೇಲಿಟ್ಟಿದ್ದ ತುಳಸಿಯ ಮೇಲೆ ಹೋಯಿತು. "ನಮ್ಮ ಕಡೆನೂ ಹಂಗ ಅಂತಾರ್ರೀ" ಎಂದರು. "ನಮ್ಮಪ್ಪಗ ನಾನ ಬಿಟ್ಟೀನಿ. ಹೊಳೀಲೇ ಇಲ್ಲ ನೋಡ್ರಿ ನನಗ." ಆಗ ಮಾತ್ರ ಆಕೆ ಒಂದು ಗಳಿಗೆ ಅಲ್ಲಾಡದೆ ನಿಂತಿದ್ದರು.

ಆಮೇಲೆ ಸಾಕಷ್ಟು ಬಿಡಿಸಿ ಹೇಳಿದರು. ಹೃದಯ ಸರಿಹೋಗಿದೆ, ಬಣ್ಣ ತೊಳೆಯಬೇಕು, ಅದಕ್ಕೆ ನೀರು. ಸೋದರಮಾವ ತಲೆಯಾಡಿಸಿದರು, ದೊಡ್ಡಮ್ಮ ಕಣ್ಣೊರೆಸಿಕೊಂಡರು. ಅಣ್ಣ ಮಾತ್ರ ನಂಬಲಿಲ್ಲ. "ಸಾಯೋರ್ ಮುಂದೆ ಡಾಕ್ಟ್ರುಗಳು ಇಂಗೇ ಏಳೋದು, ನಂಗೊತ್ತಿಲ್ವಾ" ಎಂದು ಹಲ್ಲಿನ ಸಂದಿಯಲ್ಲೇ ಹೇಳಿ ಮತ್ತೆ ಬಾಯಿ ಬಿಗಿದ. ಅತ್ತಿಗೆಯೂ ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಚೀಲ ಖಾಲಿಯೇ ಇತ್ತು. ನನಗೆ ಅವನನ್ನು ಹಿಡಿದು ಬಾಯಿ ಅಗಲಿಸಿ ಸುರಿಯಬೇಕು ಎನ್ನುವಷ್ಟು ಸಿಟ್ಟು, ಅಷ್ಟೇ ಭಯ.

ಡಾಕ್ಟರಮ್ಮ ಕೋಣೆಯಲ್ಲಿ ಎರಡು ಸಲ ತಿರುಗಿ, ಹೊರಗೆ ಓಡಿದರು. ಯಾರೋ ಕರೆದಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತಾ ಬಂದರು, ಕೈಯಲ್ಲಿ ಕ್ಯಾಂಟೀನಿನಿಂದ ತಂದ ಕಾಗದದ ಪೊಟ್ಟಣ. ಒಳಗೆ ಒಂದು ಅಚ್ಚು ಬೆಲ್ಲ. ಕಡಲೆಯಷ್ಟು ಚೂರು ಮುರಿದು ಸಣ್ಣ ತಟ್ಟೆಯಲ್ಲಿಟ್ಟರು. ಒಂದು ಲೋಟಕ್ಕೆ ನೀರು ತುಂಬಿಸಿದರು. ಎರಡನ್ನೂ ತೆಗೆದುಕೊಂಡು ಹೋಗಿ ಅತ್ತಿಗೆಯ ಮುಂದೆ ಹಿಡಿದರು.

"ತಂಗಿ, ಮನಿಗೆ ಬಂದವರಿಗೆ ನಿಮ್ಮ ಕಡೆ ಏನ ಕೊಡ್ತೀರಿ?"

ಅತ್ತಿಗೆ ತಟ್ಟೆಯನ್ನು ನೋಡಿ, "ನೀರು ಬೆಲ್ಲ" ಎಂದಳು.

"ಹೋಗೂವರಿಗೆ ಬೆಲ್ಲ ಕೊಡ್ತೀರೇನು?"

"ಇಲ್ಲ."

"ಮತ್ತ? ಕೊಡ್ರಿ. ಬಾಯಾಗ ಬಿಡಬ್ಯಾಡ್ರಿ, ಕೈಯಾಗ ಕೊಡ್ರಿ."

ಅತ್ತಿಗೆ ಎಲ್ಲರ ಮುಖ ನೋಡಿದಳು. ಕೊನೆಗೆ ಸೆರಗಿನೊಳಗಿಂದ ಕೈ ತೆಗೆದು ತಟ್ಟೆ ಲೋಟ ತೆಗೆದುಕೊಂಡಳು. ಡಾಕ್ಟರಮ್ಮ ಮಂಚದ ತಲೆಯ ಕಡೆಯನ್ನು ಸ್ವಲ್ಪ ಎತ್ತರಿಸಿದರು. ಅತ್ತಿಗೆ ಗಂಡನ ಪಕ್ಕದಲ್ಲಿ ನಿಂತು, ದಿನವೂ ಪಾಳಿ ಮುಗಿಸಿ ಮನೆಗೆ ಬಂದಾಗ ಹೇಳುವ ಹಾಗೆಯೇ, "ಬಿಸ್ಲಾಗೆ ಬಂದಿದ್ದೀರಾ, ತಕ್ಕಳಿ" ಎಂದಳು. ಅಣ್ಣ ಬೆಲ್ಲವನ್ನು ನೋಡಿದ, ಅವಳನ್ನು ನೋಡಿದ. ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ಸಲೈನ್ ಇಲ್ಲದ ಕೈಯಲ್ಲಿ ಲೋಟ ಹಿಡಿದು ಗುಟುಕು ಗುಟುಕಾಗಿ ಕುಡಿದ. ದೊಡ್ಡಮ್ಮ ಮತ್ತೆ ಅತ್ತರು. ನಾನೂ ಅತ್ತೆ, ನಾಚಿಕೆಯೇನಿಲ್ಲ.

ಅಂದು ಸಂಜೆಯವರೆಗೂ ಅತ್ತಿಗೆ ಸ್ವಲ್ಪ ಸ್ವಲ್ಪವಾಗಿ ಲೋಟಗಳನ್ನು ಕೊಡುತ್ತಲೇ ಇದ್ದಳು. ಬೆಲ್ಲ ಒಂದೇ ಸಲ, ಆಮೇಲೆ ಬರಿ ನೀರು. ಡಾಕ್ಟರಮ್ಮ ಬರುವುದು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಉಸಿರಿನ ಸದ್ದು ಕೇಳುವುದು, ಬಗ್ಗಿ ಚೀಲ ನೋಡುವುದು, ಹೋಗುವುದು. ದೀಪ ಹಚ್ಚುವ ಹೊತ್ತಿಗೆ ಚೀಲದ ತಳ ಕಾಣದಷ್ಟು ತುಂಬಿತ್ತು. ಸೋದರಮಾವ ಯುದ್ಧ ಗೆದ್ದವರಂತೆ ಕಾರಿಡಾರಿನಲ್ಲೆಲ್ಲ ಹೇಳಿಕೊಂಡು ಬಂದರು. ಬಿದಿರು ತಂದಿದ್ದವನು ಅದನ್ನು ಅವರೆಕಾಯಿ ಚಪ್ಪರಕ್ಕೆ ಹಾಕಿಕೊಳ್ಳುತ್ತೇನೆಂದು ಎತ್ತಿಕೊಂಡು ಹೋದ.

ಡಾಕ್ಟರಮ್ಮ ಮಾತ್ರ ನಗಲಿಲ್ಲ. ನಾನು ಕೈ ಮುಗಿದು ಹೋದರೆ, "ಈಗ ಹಬ್ಬ ಮಾಡಬ್ಯಾಡ್ರಿ" ಎಂದು ಗದರಿದರು. ಬಣ್ಣದ ಪೆಟ್ಟು ಮೊದಲ ದಿನ ಕಾಣುವುದಿಲ್ಲವಂತೆ, ಎರಡು ಮೂರು ದಿನದ ಮೇಲೆ ರಕ್ತದಲ್ಲಿ ಗೊತ್ತಾಗುತ್ತದಂತೆ. ಆಕೆ ಕಾರಿಡಾರಿನಲ್ಲಿ ದಾಪುಗಾಲು ಹಾಕುತ್ತಿದ್ದರು, ನಾನು ಹಿಂದೆ ಅರ್ಧ ಓಡುತ್ತಿದ್ದೆ. ಯಾಕೆ ಮೇಡಂ ಇಷ್ಟು ಭಯ ಎಂದು ಕೇಳಿದೆ. ಆಗ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಂಚೆ ಪೇದೆ ಹೀಗೆಯೇ ಎದೆ ಹಿಡಿದುಕೊಂಡು ಬಂದಿದ್ದ. ಬಿಸಿಲಲ್ಲಿ ಸೈಕಲ್ ತುಳಿದು ಒಣಗಿದ್ದವನು. 'ಚಿತ್ರ ಚಲೋ ಬರಲಿ' ಎಂದು ಈಕೆ ಮತ್ತೆ ಮತ್ತೆ ಬಣ್ಣ ಬಿಟ್ಟರು. ಹೃದಯ ಸರಿಹೋಯಿತು. ವಾರ್ಡಿಗೆಲ್ಲ ಪೇಡೆ ಹಂಚಿದರು. ಆ ಪೇಡೆಯನ್ನು ಆ ಮನುಷ್ಯನೂ ತಿಂದ. ನಾಲ್ಕನೇ ದಿನ ಅವನ ಮುಖ ಊದಿಕೊಂಡಿತು, ಮೂತ್ರ ನಿಂತುಹೋಯಿತು. ಕಿಡ್ನಿಯ ಕೆಲಸ ಮಾಡುವ ಯಂತ್ರ ಆಗ ಎಲ್ಲೆಂದರಲ್ಲಿ ಇರಲಿಲ್ಲ, ಇದ್ದ ಕಡೆ ಜಾಗ ಸಿಗುವುದರೊಳಗೆ ಅವನು ಹೋಗಿಬಿಟ್ಟ. "ಎದಿ ಉಳಿಸಿ ಮನಷ್ಯಾನ್ನ ಕಳಕೊಂಡೆ" ಎಂದರು. ನಿಲ್ಲದೆ ನಡೆದುಕೊಂಡು ಹೋದರು.

ಆ ಮುಂದಿನ ದಿನಗಳನ್ನು ಎಣಿಸುತ್ತಲೇ ಕಳೆದೆ. ಅಣ್ಣ ಗೆಲುವಾಗಿ ನರ್ಸುಗಳ ಜೊತೆ ತಮಾಷೆ ಮಾಡುತ್ತಾ ಮಲಗಿದ್ದ. ನಾನು ಮಾತ್ರ ಅವನ ಕಣ್ಣಿನ ಕೆಳಗೆ, ಪಾದದ ಮೇಲೆ ಬೆರಳೊತ್ತಿ ಊತ ಹುಡುಕುತ್ತಿದ್ದೆ. "ಏನ್ಲಾ ಅದು, ಮಾವಿನಣ್ಣು ನೋಡ್ದಂಗೆ ನೋಡ್ತೀಯ?" ಎಂದು ಅವನು ರೇಗುತ್ತಿದ್ದ. ದಿನವೂ ರಕ್ತ ತೆಗೆಯುತ್ತಿದ್ದರು. ಮೂರನೇ ದಿನದ ಪರೀಕ್ಷೆಯ ಫಲ ಬಂದಾಗ ಡಾಕ್ಟರಮ್ಮ ಅದನ್ನು ಹಿಡಿದುಕೊಂಡೇ ಒಳಗೆ ಬಂದರು. ಅವರ ಮುಖದಲ್ಲಿ ನಮಗೆ ಏನೂ ಓದಲಾಗಲಿಲ್ಲ. ಮಂಚದ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕೂತರು. "ಕಿಡ್ನಿ ಚಲೋ ಅದಾವ್ರಿ" ಎಂದರು. ಅತ್ತಿಗೆ ಅವರ ಕಾಲಿಗೆ ಬೀಳಲು ಬಗ್ಗಿದಳು. ಏಳುವಷ್ಟರಲ್ಲಿ ಅವರ ತಲೆ ಗೋಡೆಗೆ ವಾಲಿತ್ತು, ನಿದ್ದೆ ಹೋಗಿದ್ದರು.

ಅಣ್ಣ ತುಟಿಯ ಮೇಲೆ ಬೆರಳಿಟ್ಟು ನಮಗೆಲ್ಲ ಸನ್ನೆ ಮಾಡಿದ. ಹಾರ್ನ್ ಹೊಡೆದು ಇಡೀ ಬಳ್ಳಾರಿ ರಸ್ತೆ ಎಬ್ಬಿಸುತ್ತಿದ್ದವನು ಪಿಸುಮಾತಿನಲ್ಲಿ, "ಸದ್ ಮಾಡ್ಬ್ಯಾಡಿ" ಎಂದ. ನಾವು ಉಸಿರು ಬಿಗಿಹಿಡಿದು ಕೂತೆವು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ನರ್ಸ್ ಕಾಣಿಸಿಕೊಂಡಳು. ಎದೆನೋವಿನ ಒಬ್ಬರನ್ನು ಈಗತಾನೇ ಕರೆತಂದಿದ್ದಾರೆ ಎಂದಳು. ನನಗೆ ಆ ಕಾಣದ ರೋಗಿಯ ಮೇಲೆ ಸಿಟ್ಟು ಬಂತು. ಬೇರೆ ಡಾಕ್ಟರ್ ಇಲ್ಲವೇ ಎಂದೆ. ಎಬ್ಬಿಸಲು ನರ್ಸಿಗೂ ಮನಸ್ಸಿರಲಿಲ್ಲ.

"ಎಬ್ಸು" ಎಂದ ಅಣ್ಣ ಅತ್ತಿಗೆಗೆ. "ಅವನ್ ಮನೆಯೋರೂ ಕಾಯ್ತಾ ಇರ್ತಾರೆ."

ಅತ್ತಿಗೆ ಮೆಲ್ಲಗೆ ಅವರ ಭುಜ ಮುಟ್ಟಿದಳು. ಅವರು ತಟಕ್ಕನೆ ಎದ್ದು, ಸೀರೆ ಸರಿಮಾಡಿಕೊಳ್ಳುತ್ತಾ ನರ್ಸಿನ ಹಿಂದೆ ಓಡಿದರು. ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಅತ್ತಿಗೆ ಸ್ವಲ್ಪ ಹೊತ್ತು ಆ ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಕಾರಿಡಾರಿಗೆ ಹೋದಳು. ಎಲ್ಲಿಗೆ ಹೋಗುತ್ತಾಳೆ ಎಂದು ನಾನೂ ಹಿಂದೆ ಹೋದೆ.

ಬೆಂಚಿನ ಮೇಲೆ ಒಬ್ಬ ಹೆಂಗಸು ಒಬ್ಬಳೇ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು, ಹೊಸದಾಗಿ ಬಂದವನ ಹೆಂಡತಿ. ಅತ್ತಿಗೆ ಹೋಗಿ ಅವಳ ಮುಂದೆ ನಿಂತಳು.

"ಅಕ್ಕ, ಇನ್ನೊಸಿ ಹೊತ್ಗೆ ಡಾಕ್ಟ್ರಮ್ಮ ಬಂದು, ಗಂಡನ ಬಾಯಿಗೆ ನೀರ್ ಬಿಡು ಅಂತಾರೆ. ಎದರ್ಕಬ್ಯಾಡ. ಬದುಕ್ಸಕ್ಕೇ ಅಂಗನ್ನೋದು ಅವ್ರು."

ಆ ಹೆಂಗಸು ಕಣ್ಣೊರೆಸಿಕೊಂಡು, ಪಕ್ಕಕ್ಕೆ ಸರಿದು ಅತ್ತಿಗೆಗೆ ಕೂರಲು ಜಾಗ ಮಾಡಿಕೊಟ್ಟಳು.